370 ನಿಮಿಷದ ಲೆಕ್ಕ

ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ, ಹಾಲಿನ ಡೇರಿಯ ಸಾಲಿನಲ್ಲಿ ನಿಂತಿದ್ದ ನಮ್ಮ ಚಿಕ್ಕಪ್ಪನ ಬಲಗೈಯಿಂದ ಕ್ಯಾನು ಜಾರಿ ಬಿತ್ತು. ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಡೇರಿಯ ಯಂತ್ರದ ದಯೆ. ಅವರ ಮುಂದಿದ್ದವರ ಹಾಲಿನ ಚೀಟಿಯಲ್ಲಿ 6.19 ಎಂದು ಅಚ್ಚಾಗಿತ್ತು. ನಗರದ ಆಸ್ಪತ್ರೆಯಲ್ಲಿ ಅವರ ತಲೆಯ ಸಿ.ಟಿ. ಸ್ಕ್ಯಾನ್ ಆದಾಗ ಗಂಟೆ 12.30. ನಡುವೆ ಕಳೆದದ್ದು 370 ನಿಮಿಷ. ಎಡ ಮಿದುಳಿನ ಒಂದು ಸಣ್ಣ ನಾಳ ಮುಚ್ಚಿಕೊಂಡಿತ್ತು, ಚುಚ್ಚುಮದ್ದು ಕೊಡುವ ಹೊತ್ತು ಮೀರಿತ್ತು. ‘ಇನ್ನೊಂದೆರಡು ಗಂಟೆ ಮೊದಲು ಕರಕೊಂಡು ಬಂದಿದ್ದರೆ...’ ಎಂದ ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟರು. ಅವರು ಬಿಟ್ಟ ಮಾತನ್ನು ಅಂಕಿಗಳಲ್ಲಿ ಮುಗಿಸಲು ಹೊರಟ ಲೆಕ್ಕ ಇದು.

ಮೊದಲು ಜಮೆಯ ಕಡೆ ನೋಡೋಣ. ವಯಸ್ಕರ ಮಿದುಳಿನ ತೂಕ ಸುಮಾರು 1,400 ಗ್ರಾಂ, ಅಂದರೆ ಮೈತೂಕದ ನೂರರಲ್ಲಿ ಎರಡು ಪಾಲು. ಮೈ ಬಳಸುವ ಆಮ್ಲಜನಕದಲ್ಲಿ ಅದಕ್ಕೆ ಸಲ್ಲುವುದು ಮಾತ್ರ ನೂರಕ್ಕೆ ಇಪ್ಪತ್ತು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸರಾಸರಿ 50 ಮಿಲಿಲೀಟರ್ ರಕ್ತ ಬೇಕು, ಇಡೀ ಮಿದುಳಿಗೆ 700. ಒಂದು ದಿನಕ್ಕೆ ಗುಣಿಸಿದರೆ 1,008 ಲೀಟರ್ ಆಗುತ್ತದೆ, ಮಾಳಿಗೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ತುಂಬಿ ಒಂದಿಷ್ಟು ಚೆಲ್ಲುವಷ್ಟು. ಮೈಯಲ್ಲಿರುವುದು ಐದೇ ಲೀಟರ್ ರಕ್ತ, ಅದೇ ಮತ್ತೆ ಮತ್ತೆ ಸುತ್ತಿ ಬರಬೇಕು. ಸಕ್ಕರೆ ದಿನಕ್ಕೆ 110 ಗ್ರಾಂ. ಇಷ್ಟೆಲ್ಲ ಉಂಡು ಅದು ಸುಡುವ ಶಕ್ತಿ 20 ವ್ಯಾಟ್. 24 ಗಂಟೆಗೆ ಅರ್ಧ ಯೂನಿಟ್ ಕರೆಂಟು, ಬಿಲ್ಲಿನಲ್ಲಿ ಮೂರು ನಾಲ್ಕು ರೂಪಾಯಿಯ ಬಾಬ್ತು.

ಖರ್ಚು ದೊಡ್ಡದೇನಲ್ಲ. ತೊಂದರೆ ಇರುವುದು ದಾಸ್ತಾನಿನಲ್ಲಿ. ಯಕೃತ್ತಿಗೆ ಸಕ್ಕರೆಯ ಕಣಜ ಇದೆ, ಸ್ನಾಯುವಿಗೂ ಇದೆ. ಮಿದುಳು ಮಾತ್ರ ಅಂದಿನ ಕೂಲಿಯಲ್ಲಿ ಅಂದೇ ಅಕ್ಕಿ ತಂದು ಉಣ್ಣುವ ಸಂಸಾರ. ರಕ್ತ ಪೂರ್ತಿ ನಿಂತರೆ ಎರಡು ಮೂರು ನಿಮಿಷದಲ್ಲಿ ಕೋಶದೊಳಗಿನ ಇಂಧನ ತಳ ಕಾಣುತ್ತದೆ. 1943ರಲ್ಲಿ ಅಮೆರಿಕದ ರಾಸೆನ್, ಕಬಟ್ ಮತ್ತು ಆಂಡರ್ಸನ್ ಎಂಬ ಮೂವರು, ಒಪ್ಪಿ ಬಂದ ಯುವಕರ ಕೊರಳಿಗೆ ಬಿ.ಪಿ. ನೋಡುವಂಥ ಗಾಳಿಪಟ್ಟಿ ಬಿಗಿದು ಮಿದುಳಿನ ರಕ್ತ ತಡೆದರು. ಇಂದು ಯಾವ ನೀತಿ ಸಮಿತಿಯೂ ಒಪ್ಪುವ ಪ್ರಯೋಗವಲ್ಲ. ಯುವಕರ ಎಚ್ಚರ ತಪ್ಪಲು 5ರಿಂದ 10 ಸೆಕೆಂಡ್ ಸಾಕಾಯಿತು. ಪಟ್ಟಿ ಸಡಿಲಿಸಿದ ಕೂಡಲೇ ಎದ್ದು ಕೂತರು. ನರದ ಲೆಕ್ಕದಲ್ಲಿ ಕೆಲಸ ನಿಲ್ಲಿಸುವುದು ಒಂದು, ಸಾಯುವುದು ಇನ್ನೊಂದು. ಇವೆರಡರ ನಡುವೆ ಬಿಡುವಿದೆ. ಆ ಬಿಡುವು ಎಷ್ಟು ಉದ್ದ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ಆ ಬಿಡುವನ್ನು ನಾವೆಲ್ಲ ಕಂಡಿದ್ದೇವೆ, ಹೆಸರು ಜೋಮು. ಮದುವೆ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹೋಳಿಗೆ ಮುಗಿಸಿ ಏಳುವಾಗ ಒಂದು ಕಾಲು ಇದ್ದೂ ಇಲ್ಲದಂತಾಗಿರುತ್ತದೆ. ನರಕ್ಕೂ ಅದನ್ನು ಸಾಕುವ ಕೂದಲೆಳೆಯಂಥ ರಕ್ತನಾಳಕ್ಕೂ ಒತ್ತು ಬಿದ್ದಿರುತ್ತದೆ. ಕಾಲು ಝಾಡಿಸಿ ನಾಲ್ಕು ಹೆಜ್ಜೆ ಇಟ್ಟರೆ ಇರುವೆ ಹರಿದಂತಾಗಿ, ಸೂಜಿ ಚುಚ್ಚಿದಂತಾಗಿ, ಆಮೇಲೆ ಸರಿಹೋಗುತ್ತದೆ. ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ಸಂಗಡಿಗರು 1931ರಲ್ಲಿ ತೋಳಿಗೆ ಪಟ್ಟಿ ಬಿಗಿದು ಇದನ್ನೇ ಅಳೆದರು. ಕಾಲು ಗಂಟೆಯ ಹೊತ್ತಿಗೆ ಬೆರಳ ತುದಿಯಿಂದ ಮೇಲಕ್ಕೆ ಸ್ಪರ್ಶ ಅಳಿಸಿಕೊಂಡು ಬಂತು, ಬಿಚ್ಚಿದ ಮೇಲೆ ನಿಮಿಷಗಳಲ್ಲಿ ಮರಳಿತು. ಇವತ್ತಿಗೂ ಮೂಳೆ ಡಾಕ್ಟರು ಕೈಕಾಲಿಗೆ ಟೂರ್ನಿಕೆಟ್ ಬಿಗಿದು ಆಪರೇಷನ್ ಮಾಡುವಾಗ ಇಟ್ಟುಕೊಳ್ಳುವ ಗಡುವು ಸುಮಾರು ಎರಡು ಗಂಟೆ.

ಕೈಕಾಲಿನ ನರಕ್ಕೆ ಇಷ್ಟು ತಾಳ್ಮೆ. ಬೆನ್ನುಹುರಿಗೆ ಕಡಿಮೆ: ಮಹಾಪಧಮನಿಗೆ ಕ್ಲಾಂಪ್ ಹಾಕುವ ಶಸ್ತ್ರಚಿಕಿತ್ಸಕರು ಅರ್ಧ ಗಂಟೆ ದಾಟಿತೆಂದರೆ ಗಡಿಯಾರ ನೋಡತೊಡಗುತ್ತಾರೆ. ಕಣ್ಣಿನ ಅಕ್ಷಿಪಟಲ ಹುಟ್ಟಿನಿಂದ ಮಿದುಳಿನ ಚಾಚು, ಆದರೂ ಆಶ್ಚರ್ಯ ಪಡುವಷ್ಟು ಗಟ್ಟಿ. ಪಂಜಾಬಿನಿಂದ ಹೋಗಿ ಅಮೆರಿಕದ ಅಯೋವಾದಲ್ಲಿ ನೆಲೆನಿಂತ ಸೋಹನ್ ಸಿಂಗ್ ಹೈರೆ ವಯಸ್ಸಾದ ರೀಸಸ್ ಕೋತಿಗಳಲ್ಲಿ ಅಕ್ಷಿಪಟಲದ ಮುಖ್ಯ ನಾಳ ಬಿಗಿದು ನೋಡಿದರು. 97 ನಿಮಿಷದವರೆಗೆ ಕಾಣುವಂಥ ಹಾನಿ ಇಲ್ಲ, 240 ನಿಮಿಷಕ್ಕೆ ಹೆಚ್ಚುಕಡಿಮೆ ಎಲ್ಲವೂ ಹೋಗಿತ್ತು. ಇನ್ನು ಮಿದುಳು. ಹೃದಯವೇ ನಿಂತಾಗ ನಾಲ್ಕೈದು ನಿಮಿಷ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮಿದುಳು ಮಣ್ಣಾಗುತ್ತದೆ ಎಂಬ ಅರ್ಥವೂ ಅದಕ್ಕಿಲ್ಲ. ಜರ್ಮನಿಯ ಹಾಸ್‌ಮನ್ ಮತ್ತು ಕ್ಲೈಹೂಸ್ ಪ್ರಾಣಿಗಳ ಮಿದುಳಿಗೆ ಒಂದು ಗಂಟೆ ರಕ್ತ ಪೂರ್ತಿ ನಿಲ್ಲಿಸಿ, ಆಮೇಲೆ ಹರಿಸಿ, ವಿದ್ಯುತ್ ಚಟುವಟಿಕೆ ಮರಳಿದ್ದನ್ನು 1973ರಲ್ಲೇ ಬರೆದರು. 2019ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಕಸಾಯಿಖಾನೆಯಿಂದ ತಂದ 32 ಹಂದಿಗಳ ಮಿದುಳುಗಳಿಗೆ, ಸತ್ತ 4 ಗಂಟೆಯ ಮೇಲೆ, ರಕ್ತದಂಥ ದ್ರವವನ್ನು 6 ಗಂಟೆ ಹರಿಸಿದರು. ಪ್ರಜ್ಞೆ ಬರಲಿಲ್ಲ, ಬರಬಾರದೆಂದೇ ಔಷಧ ಬೆರೆಸಿದ್ದರು. ಆದರೆ ಕೋಶಗಳು ಸಕ್ಕರೆ, ಆಮ್ಲಜನಕ ಹೀರತೊಡಗಿದವು.

ಲಕ್ವದಲ್ಲಿ ಆಗುವುದು ಹೃದಯ ನಿಂತಂತಲ್ಲ. ಮುಚ್ಚುವುದು ಒಂದೇ ನಾಳ. ತುಂಗಭದ್ರಾ ಎಡದಂಡೆ ಕಾಲುವೆಯ ಸುದ್ದಿ ಓದುವವರಿಗೆ ‘ಕೊನೆ ಭಾಗದ ರೈತರು’ ಎಂಬ ಮಾತು ಬಿಡಿಸಿ ಹೇಳಬೇಕಿಲ್ಲ. ಮೇಲೆಲ್ಲೋ ತೂಬು ಕಟ್ಟಿದರೆ ಆ ತೂಬನ್ನೇ ನಂಬಿದ ಕೊನೆಯ ಗದ್ದೆ ಮೊದಲು ಒಣಗುತ್ತದೆ. ಸುತ್ತಲಿನ ಗದ್ದೆಗಳಿಗೆ ಅಕ್ಕಪಕ್ಕದ ನಾಲೆಗಳಿಂದ ಬಸಿದು ಬಂದ ನೀರು ಅಷ್ಟಿಷ್ಟು ಸಿಗುತ್ತಿರುತ್ತದೆ. ಪೈರು ಬಾಡುತ್ತದೆ, ಸಾಯುವುದಿಲ್ಲ. ಮಿದುಳಿನಲ್ಲಿ ಈ ಬಾಡಿದ ಪಟ್ಟಿಯ ಅಂಚುಗಳನ್ನು ಅಳೆದದ್ದು 1970ರ ದಶಕದಲ್ಲಿ, ಲಂಡನ್ನಿನ ಲಿಂಡ್ಸೇ ಸೈಮನ್ ಅವರ ತಂಡ ಬಬೂನ್ ಕೋತಿಗಳಲ್ಲಿ. ಮಾಮೂಲಿ 50 ಮಿಲಿಲೀಟರ್ ಇಳಿಯುತ್ತ 20ರ ಕೆಳಗೆ ಬಂದರೆ ನರಕೋಶ ಮಾತು ನಿಲ್ಲಿಸುತ್ತದೆ, ವಿದ್ಯುತ್ ಸಂಕೇತ ಇರುವುದಿಲ್ಲ. ಸುಮಾರು 10ರ ಕೆಳಗೆ ಬಂದರೆ ಕೋಶದ ಗೋಡೆಯ ಪಂಪುಗಳು ಕೈಕೊಡುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಕ್ಕೆ, ಹೊರಗಿನ ಸೋಡಿಯಂ, ಕ್ಯಾಲ್ಸಿಯಂ, ನೀರು ಒಳಕ್ಕೆ. ಕೋಶ ಊದಿ ಒಡೆಯುತ್ತದೆ. 20 ಮತ್ತು 10ರ ನಡುವೆ ಸಿಕ್ಕಿಕೊಂಡ ಕೋಶ ಮೂಕವಾಗಿದೆ, ಜೀವಂತವಾಗಿದೆ. 1981ರಲ್ಲಿ ಆಸ್ಟ್ರಪ್, ಸೀಶೋ ಮತ್ತು ಸೈಮನ್ ತಮ್ಮ ಬರಹದಲ್ಲಿ ಈ ಪಟ್ಟಿಯನ್ನು ಪೆನಂಬ್ರ ಎಂದು ಕರೆದರು. ಗ್ರಹಣದ ಅರೆನೆರಳಿಗೆ ಇರುವ ಹೆಸರು ಅದು.

ಚಿಕ್ಕಪ್ಪನ ಬಲಗೈ 6.20ಕ್ಕೆ ಸತ್ತಿರಲಿಲ್ಲ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಕೈಯನ್ನು ಆಡಿಸುವ ಕೋಶಗಳಲ್ಲಿ ಎಷ್ಟೋ ಅರೆನೆರಳಿನಲ್ಲಿ ಕೂತು ಕಾಯುತ್ತಿದ್ದವು. ಮನೆಯವರಿಗೆ ಕಂಡದ್ದು ಸೋತ ಕೈ ಮಾತ್ರ. ಸೋತ ಕೈ ಸತ್ತ ಕೋಶದಿಂದಲೋ ಕಾಯುತ್ತಿರುವ ಕೋಶದಿಂದಲೋ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ.

ಕಾಯುವಿಕೆಗೆ ದರ ಎಷ್ಟು? 2006ರಲ್ಲಿ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಹಾಕಿದ ದರಪಟ್ಟಿ ಈಗ ಎಲ್ಲ ಭಾಷಣಗಳಲ್ಲೂ ಕೇಳಿಬರುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ 19 ಲಕ್ಷ ನರಕೋಶ, 1,400 ಕೋಟಿ ಸಂಧಿಗಳು, 12 ಕಿಲೋಮೀಟರ್ ನರತಂತು ನಷ್ಟ. ಗಂಟೆಗೆ 12 ಕೋಟಿ ನರಕೋಶ. ಅಂದರೆ ಮಾಮೂಲಿ ಮುಪ್ಪಿನಲ್ಲಿ 3.6 ವರ್ಷಕ್ಕೆ ಸವೆಯುವುದು ಒಂದೇ ಗಂಟೆಯಲ್ಲಿ. ಹತ್ತು ಗಂಟೆಯಲ್ಲಿ ಇದು ಮುಗಿದಾಗ ಸತ್ತ ಭಾಗದ ಗಾತ್ರ 54 ಮಿಲಿಲೀಟರ್, ಬೈಟು ಕಾಫಿಯಲ್ಲಿ ನಮ್ಮ ಪಾಲಿಗೆ ಬರುವ ಲೋಟದಷ್ಟು. ಇಡೀ ಮಿದುಳಿನಲ್ಲಿರುವುದು ಸುಮಾರು 8,600 ಕೋಟಿ ನರಕೋಶ, ಹೋಗುವುದು 120 ಕೋಟಿ. ನೂರಕ್ಕೆ ಒಂದೂವರೆಯೂ ಇಲ್ಲ. ಆದರೆ ಆ ಒಂದೂವರೆಯಲ್ಲಿ ಮಾತು ಇರಬಹುದು, ಹಾಲು ಕರೆಯುವ ಬೆರಳು ಇರಬಹುದು.

ಈ ದರಪಟ್ಟಿಯನ್ನು ಕಣ್ಣುಮುಚ್ಚಿ ಗುಣಿಸುವುದಕ್ಕೆ ನನ್ನ ತಕರಾರಿದೆ. 370ನ್ನು 19 ಲಕ್ಷದಿಂದ ಗುಣಿಸಿದರೆ 70 ಕೋಟಿ ದಾಟುತ್ತದೆ, ಭಯ ಹುಟ್ಟಿಸಲು ಒಳ್ಳೆಯ ಅಂಕಿ. ಆದರೆ ಅದು ದೊಡ್ಡ ನಾಳದ ಸರಾಸರಿ, ಚಿಕ್ಕಪ್ಪನದು ಸಣ್ಣ ಕವಲು. ಸರಾಸರಿಯೂ ಎಷ್ಟು ಸಡಿಲ ಎಂಬುದನ್ನು 2019ರಲ್ಲಿ ದೇಸಾಯಿ ಮತ್ತು ಸಂಗಡಿಗರು ತೋರಿಸಿದರು: ದೊಡ್ಡ ನಾಳ ಮುಚ್ಚಿದವರಲ್ಲೇ ಕೆಲವರು ನಿಮಿಷಕ್ಕೆ 35,000ಕ್ಕಿಂತ ಕಡಿಮೆ ನರಕೋಶ ಕಳಕೊಂಡರೆ, ಇನ್ನು ಕೆಲವರು 2 ಕೋಟಿ 70 ಲಕ್ಷಕ್ಕೂ ಹೆಚ್ಚು. ಏಳುನೂರು ಪಟ್ಟಿಗೂ ಮೀರಿದ ಅಂತರ. ಕಾರಣ ಹೆಚ್ಚಾಗಿ ಪಕ್ಕದ ನಾಲೆಗಳು. ಯಾರಿಗೆ ಅಡ್ಡ ರಕ್ತನಾಳಗಳು ದಂಡಿಯಾಗಿವೆಯೋ ಅವರ ಗದ್ದೆ ಹೆಚ್ಚು ಹೊತ್ತು ಹಸಿರಾಗಿರುತ್ತದೆ. ನಮಗೆ ಯಾವ ಪಾಲು ಬಂದಿದೆ ಎಂದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಅವಸರ ಎಲ್ಲರಿಗೂ ಒಂದೇ.

ಇನ್ನು ಹೆಪ್ಪು ಕರಗಿಸುವ ಮದ್ದು. 1995ರಲ್ಲಿ 624 ರೋಗಿಗಳ ಅಮೆರಿಕನ್ ಪರೀಕ್ಷೆ ಆಲ್ಟೆಪ್ಲೇಸ್‌ಗೆ 3 ಗಂಟೆಯ ಬಾಗಿಲು ತೆರೆಯಿತು, 2008ರಲ್ಲಿ ಯುರೋಪಿನ ಪರೀಕ್ಷೆ ಅದನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. 2014ರಲ್ಲಿ 6,756 ರೋಗಿಗಳ ಲೆಕ್ಕ ಒಟ್ಟು ಹಾಕಿದಾಗ ಬಂದ ಫಲ ಹೀಗಿದೆ. 3 ಗಂಟೆಯೊಳಗೆ ಮದ್ದು ಪಡೆದ ನೂರರಲ್ಲಿ 33 ಮಂದಿ ಹೆಚ್ಚುಕಡಿಮೆ ಮೊದಲಿನಂತಾದರು, ಪಡೆಯದ ನೂರರಲ್ಲಿ 23. ಅಂದರೆ ಹತ್ತು ಜನಕ್ಕೆ ಕೊಟ್ಟರೆ ಒಬ್ಬರಿಗೆ ಲಾಭ. ಮೂರರಿಂದ ನಾಲ್ಕೂವರೆ ಗಂಟೆಯ ನಡುವೆ ಕೊಟ್ಟರೆ ಅದೇ ಒಂದು ಲಾಭಕ್ಕೆ 19 ಜನ ಬೇಕು. ಒಂದೂವರೆ ಗಂಟೆ ತಡಕ್ಕೆ ಮದ್ದಿನ ಬಲ ಅರ್ಧ ಕರಗಿತು. ಅಪಾಯವೂ ಉಂಟು: 1995ರ ಪರೀಕ್ಷೆಯಲ್ಲಿ ಮದ್ದು ಪಡೆದ ನೂರರಲ್ಲಿ ಆರು ಮಂದಿಗೆ ಮಿದುಳಿನೊಳಗೆ ರಕ್ತ ಸೋರಿ ಸ್ಥಿತಿ ಬಿಗಡಾಯಿಸಿತು. ಕೊಡದವರಲ್ಲಿ ಅದು ಒಂದಕ್ಕಿಂತ ಕಡಿಮೆ.

ಹೆಪ್ಪು ದೊಡ್ಡ ನಾಳದಲ್ಲಿದ್ದರೆ ತೊಡೆಯ ನಾಳದಿಂದ ಕ್ಯಾಥೆಟರ್ ತೂರಿಸಿ ಅದನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿ ಇದೆ. 2015ರಲ್ಲಿ ಹೊರಬಂದ ಐದು ಪರೀಕ್ಷೆಗಳ 1,287 ರೋಗಿಗಳಲ್ಲಿ, ಹೀಗೆ ಹೆಪ್ಪು ತೆಗೆಸಿಕೊಂಡ ನೂರಕ್ಕೆ 46 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದರು. ತೆಗೆಸಿಕೊಳ್ಳದವರಲ್ಲಿ 26. 2018ರಲ್ಲಿ ‘ಡಾನ್’ ಎಂಬ ಪರೀಕ್ಷೆ ಎಲ್ಲರ ಹುಬ್ಬೇರಿಸಿತು. 6ರಿಂದ 24 ಗಂಟೆ ಕಳೆದ ಮೇಲೂ, ಸ್ಕ್ಯಾನಿನಲ್ಲಿ ಅರೆನೆರಳು ಉಳಿದಿದೆ ಎಂದು ಕಂಡ 206 ರೋಗಿಗಳನ್ನು ಆರಿಸಿದಾಗ, ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 49, ಉಳಿದವರಲ್ಲಿ 13 ಮಂದಿಗೆ ಅದೇ ಫಲ ಬಂತು. ಇಡೀ ಲೇಖನದಲ್ಲಿ ನನಗೆ ಮೆಚ್ಚಿನ ಅಂಕಿ ಇದೇ. ಒಂದು ಹಗಲು ಒಂದು ರಾತ್ರಿ ಕಾದು ಕೂತ ನರಕೋಶ!

ಮದ್ದು ನಮ್ಮಿಂದ ದೂರವೇನೂ ಇಲ್ಲ. ಆಲ್ಟೆಪ್ಲೇಸ್‌ನ ತಮ್ಮನಂಥ ಟೆನೆಕ್ಟೆಪ್ಲೇಸ್ ಪುಣೆಯಲ್ಲೇ ತಯಾರಾಗುತ್ತದೆ. 60 ಕಿಲೋ ತೂಕದವರಿಗೆ ಆಲ್ಟೆಪ್ಲೇಸ್ ಆದರೆ 54 ಮಿಲಿಗ್ರಾಂ, ಹತ್ತನೇ ಒಂದು ಪಾಲು ಒಮ್ಮೆಲೇ, ಉಳಿದದ್ದು ಒಂದು ಗಂಟೆಯ ಡ್ರಿಪ್ಪು. ಟೆನೆಕ್ಟೆಪ್ಲೇಸ್ ಆದರೆ ಕಿಲೋಗೆ ಕಾಲು ಮಿಲಿಗ್ರಾಂನಂತೆ 15, ಒಂದೇ ಚುಚ್ಚು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಗತ್ಯ ಔಷಧಗಳ ಪಟ್ಟಿ ಪರಿಷ್ಕರಿಸಿದಾಗ ಆಲ್ಟೆಪ್ಲೇಸ್ ಬಿಟ್ಟು ಟೆನೆಕ್ಟೆಪ್ಲೇಸ್ ಸೇರಿಸಿತು. 2023ರಲ್ಲಿ ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರುಮಾಡಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೀಳುವ ಇದೇ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯಾಘಾತಕ್ಕೆ ಪುಕ್ಕಟೆ ಕೊಡುತ್ತಾರೆ. ಹಾಗಾದರೆ ಲಕ್ವಕ್ಕೂ ಅಲ್ಲೇ ಚುಚ್ಚಬಾರದೇಕೆ? ಎದೆಗೆ ಇ.ಸಿ.ಜಿ. ಸಾಕು, ತಲೆಗೆ ಸಿ.ಟಿ. ಬೇಕು. ನಾಲ್ಕೈದು ಲಕ್ವದಲ್ಲಿ ಒಂದು ನಾಳ ಮುಚ್ಚಿ ಆದದ್ದಲ್ಲ, ನಾಳ ಒಡೆದು ಆದದ್ದು. ಅಂಥವರಿಗೆ ಇದೇ ಮದ್ದು ಕೊಟ್ಟರೆ ಪ್ರಾಣವೇ ಹೋದೀತು. ಮುಚ್ಚಿದ್ದೋ ಒಡೆದದ್ದೋ ಎಂದು ನಾಡಿ ಹಿಡಿದು ಹೇಳುವ ವೈದ್ಯ ಇನ್ನೂ ಹುಟ್ಟಿಲ್ಲ.

ಈಗ ಮನೆಯ ಲೆಕ್ಕ. 6.20ರಿಂದ 7.30ರವರೆಗೆ, 70 ನಿಮಿಷ, ಚಿಕ್ಕಪ್ಪ ಮನೆಯ ಜಗಲಿಯಲ್ಲಿದ್ದರು. ಪಿತ್ತ ಇರಬೇಕು ಎಂದು ಚಿಕ್ಕಮ್ಮ ನಿಂಬೆಹಣ್ಣಿನ ಪಾನಕ ಮಾಡಿದರು, ಅರ್ಧ ತುಟಿಯಂಚಿನಿಂದ ಸೋರಿತು. ಯಾರೋ ಕೈಗೆ ಎಣ್ಣೆ ತಿಕ್ಕಿದರು. ಇನ್ನೊಬ್ಬರು ಪಾರಿವಾಳದ ರಕ್ತದ ಮಾತೆತ್ತಿದರು. ನಾನು ಫೋನಿನಲ್ಲಿ ‘ಸ್ವಲ್ಪ ಮಲಗಿಸಿ ನೋಡಿ’ ಎಂದಿದ್ದೆ, ಆದ್ದರಿಂದ ಈ 70ರಲ್ಲಿ ನನ್ನ ಪಾಲೂ ಇದೆ. ತಾಲ್ಲೂಕು ಕೇಂದ್ರಕ್ಕೆ ರಸ್ತೆ 30 ನಿಮಿಷ. ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಡ್ರಿಪ್ಪು ಹಾಕಿ, ಬಿ.ಪಿ. ಮಾತ್ರೆ ಕೊಟ್ಟು, ‘ನೋಡೋಣ’ ಎಂದು 135 ನಿಮಿಷ ಇರಿಸಿಕೊಂಡರು. ಸಿ.ಟಿ. ಇಲ್ಲ ಎಂಬ ಮಾತು ಬಂದದ್ದು ಬಿಲ್ಲು ಕಟ್ಟುವಾಗ. ಅಲ್ಲಿಂದ ನಗರಕ್ಕೆ 110 ನಿಮಿಷ. ಆಸ್ಪತ್ರೆ ಬಾಗಿಲಿನಿಂದ ಸ್ಕ್ಯಾನಿಗೆ 25.

ಕೂಡಿ ನೋಡಿ: 70, 30, 135, 110, 25. ಒಟ್ಟು 370. ಗಡುವು ನಾಲ್ಕೂವರೆ ಗಂಟೆ, ಅಂದರೆ 270. ಹಳ್ಳಿಯವರು ದೂರ ಇದ್ದಾರೆ, ರಸ್ತೆ ಸರಿ ಇಲ್ಲ ಎಂದು ಕೇಳುತ್ತಲೇ ಇರುತ್ತೇವೆ. ಈ ಲೆಕ್ಕದಲ್ಲಿ ಎರಡೂ ರಸ್ತೆ ಸೇರಿ 140 ನಿಮಿಷ. ಕೂತು ಕಾದದ್ದು, ಜಗಲಿ ಮತ್ತು ನರ್ಸಿಂಗ್ ಹೋಮು ಸೇರಿ, 205. ನರ್ಸಿಂಗ್ ಹೋಮಿನ 135 ಒಂದನ್ನೇ ಕಳೆದರೂ 235 ಉಳಿಯುತ್ತದೆ, ಚುಚ್ಚುಮದ್ದಿಗೆ ಇನ್ನೂ 35 ನಿಮಿಷ ಕೈಯಲ್ಲಿರುತ್ತಿತ್ತು. ಜಗಲಿಯ 70ನ್ನೂ ಕಳೆದರೆ 165, ಹತ್ತಕ್ಕೆ ಒಬ್ಬರಿಗೆ ಲಾಭವಾಗುವ ಮೂರು ಗಂಟೆಯ ಒಳಗೇ. ಮದ್ದಿನಿಂದ ಚಿಕ್ಕಪ್ಪನೇ ಆ ಒಬ್ಬರಾಗುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಚೀಟಿ ಎತ್ತುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಚೇತರಿಕೆಯ ಬಾಬ್ತು ಇನ್ನೂ ವಿಚಿತ್ರ. ರಕ್ತ ಮರಳಿದ ತಕ್ಷಣ ಎಲ್ಲ ಕೋಶವೂ ಬಚಾವಾಗುವುದಿಲ್ಲ. 1982ರಲ್ಲಿ ಜಪಾನಿನ ಕಿರಿನೊ ಜರ್ಬಿಲ್ ಎಂಬ ಇಲಿಗಳ ಮಿದುಳಿಗೆ ಐದೇ ನಿಮಿಷ ರಕ್ತ ತಡೆದು ಬಿಟ್ಟರು. ನೆನಪಿನ ಕೆಲಸದ ಕೋಶಗಳು ಮೊದಲ ದಿನ ಚೆನ್ನಾಗಿಯೇ ಕಂಡವು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸತ್ತವು. 1990ರಲ್ಲಿ ಅದೇ ದೇಶದ ಕಿತಗಾವ ಇನ್ನೊಂದು ಕಂಡರು: ಮುಂಚಿತವಾಗಿ ಒಂದು ದಿನದ ಅಂತರದಲ್ಲಿ ಎರಡೆರಡು ನಿಮಿಷ ರಕ್ತ ತಡೆದು ‘ಅಭ್ಯಾಸ’ ಮಾಡಿಸಿದ ಇಲಿಗಳಲ್ಲಿ, ಆಮೇಲಿನ ಐದು ನಿಮಿಷದ ಏಟನ್ನು ಅವೇ ಕೋಶಗಳು ತಾಳಿಕೊಂಡವು. ನರಕ್ಕೆ ಕಷ್ಟದ ರೂಢಿಯಾಗುತ್ತದೆ ಎಂದಾಯಿತು. ಈ ರೂಢಿಯನ್ನು ಮಾತ್ರೆಯಾಗಿಸಲು ಹೊರಟವರ ಕಥೆ ಮಾತ್ರ ಸಪ್ಪೆ. 2006ರಲ್ಲಿ ಲೆಕ್ಕ ಹಾಕಿದವರಿಗೆ ಲಕ್ವಕ್ಕೆಂದು ಪ್ರಯತ್ನಿಸಿದ 1,026 ಚಿಕಿತ್ಸೆಗಳು ಸಿಕ್ಕವು, ಮನುಷ್ಯರ ಮೇಲೆ ನೋಡಿದ್ದು 114. ನರಕೋಶವನ್ನು ಕಾಪಾಡುತ್ತೇವೆಂದು ಬಂದವುಗಳಲ್ಲಿ ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗಲಿಲ್ಲ.

ಕೈಕಾಲಿನ ನರ ತುಂಡಾದರೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆದು ಮರಳುತ್ತದೆ, ಮೊಣಕೈಯಿಂದ ಬೆರಳ ತುದಿಗೆ ಒಂದು ವರ್ಷದ ಮೇಲೆ ಹಿಡಿದೀತು. ಮಿದುಳಿನಲ್ಲಿ ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಉಳಿದವು ಕೆಲಸ ಹಂಚಿಕೊಳ್ಳುತ್ತವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1,197 ರೋಗಿಗಳನ್ನು ಹಿಂಬಾಲಿಸಿ 1995ರಲ್ಲಿ ಬರೆದ ವರದಿಯ ಪ್ರಕಾರ, ನೂರಕ್ಕೆ 95 ಮಂದಿ ದಿನನಿತ್ಯದ ಕೆಲಸದಲ್ಲಿ ತಾವು ಏರಬಹುದಾದಷ್ಟು ಮೇಲೇರಿದ್ದು ಹನ್ನೆರಡೂವರೆ ವಾರದೊಳಗೆ. ಬೇಗ ಎಬ್ಬಿಸಿ ಜಾಸ್ತಿ ನಡೆಸಿದರೆ ಬೇಗ ಗುಣ ಎಂಬ ನಂಬಿಕೆಯನ್ನು 2015ರಲ್ಲಿ 2,104 ರೋಗಿಗಳ ‘ಅವರ್ಟ್’ ಪರೀಕ್ಷೆ ತಲೆಕೆಳಗು ಮಾಡಿತು: ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಹೆಚ್ಚು ಓಡಾಡಿಸಿದವರಲ್ಲಿ ಒಳ್ಳೆಯ ಫಲ 46, ಮಾಮೂಲಿ ಆರೈಕೆಯವರಲ್ಲಿ 50. ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿ ನೋಡಿದ ‘ಅಟೆಂಡ್’ ಪರೀಕ್ಷೆ 2017ರಲ್ಲಿ ಮುಗಿದಾಗ, ಆರು ತಿಂಗಳ ಕೊನೆಗೆ ಎರಡೂ ಕಡೆ ತೀರಿಕೊಂಡವರು ಅಥವಾ ಪರಾಧೀನರಾದವರು ನೂರಕ್ಕೆ 47. ವ್ಯತ್ಯಾಸ ಸೊನ್ನೆ. ಪ್ರೀತಿಯಿಂದ ಕೈ ತಿಕ್ಕುವುದು ತಪ್ಪಲ್ಲ, ಆದರೆ ಪಳಗಿದ ಫಿಸಿಯೋಥೆರಪಿಸ್ಟ್‌ನ ಕೆಲಸಕ್ಕೆ ಅದು ಬದಲಿಯೂ ಅಲ್ಲ.

ಚಿಕ್ಕಪ್ಪ ಹನ್ನೊಂದನೇ ವಾರಕ್ಕೆ ಬಲಗೈಯಲ್ಲಿ ಲೋಟ ಹಿಡಿದರು. ಅಲ್ಲಿಗೆ ಏರಿಕೆ ನಿಂತಿತು. ಹಸುವಿನ ಕೆಚ್ಚಲಿಗೆ ಬೇಕಾದ ಹೆಬ್ಬೆರಳ ಹಿಡಿತ ಬರಲಿಲ್ಲ. ಎರಡು ಹಸುಗಳಲ್ಲಿ ಒಂದನ್ನು ಮಾರಿದರು. ಇನ್ನೊಂದನ್ನು ಚಿಕ್ಕಮ್ಮ ಕರೆಯುತ್ತಾರೆ, ಡೇರಿಗೆ ಕ್ಯಾನು ಒಯ್ಯುವುದು ಚಿಕ್ಕಪ್ಪನೇ, ಎಡಗೈಯಲ್ಲಿ.

ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದವರು ನಿಮ್ಮ ಮನೆಯಲ್ಲಿ ಕಂಡರೆ ಗೋಡೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ. ಎದ್ದಾಗಲೇ ಹಾಗಿದ್ದರೆ, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಬಾಯಿಗೆ ಕಾಫಿ, ನೀರು, ಮಾತ್ರೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಯಾವುದೇ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸುವ ಮೊದಲು ಇಷ್ಟು ಕೇಳಿ: ಸಿ.ಟಿ. ಇದೆಯಾ, ಈಗ ನಡೀತಿದೆಯಾ? ಇಲ್ಲ ಎಂದರೆ ಅಲ್ಲಿ ಇಳಿಯಬೇಡಿ.